ಪ್ರವಾಸದಲ್ಲಿ ಡ್ರೋನ್ ಹಾರಿಸಲು ಜಾಗ: ಗೊಂದಲ ಬಗೆಹರಿದ ಬಗೆ

ಡ್ರೋನ್ ಆ್ಯಪ್‌ನ ನಕ್ಷೆಯಲ್ಲಿ ಕೆಂಪು ಬಣ್ಣ ಕಾಣದಿದ್ದರೆ ಅನುಮತಿ ಇದೆ ಎಂದಲ್ಲ. 2025ರ ಜನವರಿಯಲ್ಲಿ ಡ್ರೋನ್ ತಯಾರಿಸುವ ಡಿಜೆಐ ಕಂಪನಿ ಅಮೆರಿಕದಲ್ಲಿ ನಿಷೇಧಿತ ಜಾಗಕ್ಕೆ ಆ್ಯಪ್ ಒಡ್ಡುತ್ತಿದ್ದ ತಡೆ ತೆಗೆದು ಬರೀ ಎಚ್ಚರಿಕೆ ಉಳಿಸಿತು. ಕಾನೂನು ಹಾಗೇ ಇದೆ.

ಎಲ್ಲಿ ಹಾರಿಸಬಹುದು ಎಂಬುದನ್ನು ಎರಡು ಪ್ರಶ್ನೆಯಾಗಿ ಬೇರೆ ಮಾಡಿದ ಮೇಲೆ ನನಗೆ ದಾರಿ ಸಿಕ್ಕಿತು. ಆಕಾಶ ತೆರೆದಿದೆಯೇ? ಆ ದೇಶದ ವಿಮಾನಯಾನ ಇಲಾಖೆಯ ನಕ್ಷೆ ನೋಡಿ. ನೆಲದಿಂದ ಏರಿಸಬಹುದೇ? ಅದು ಜಾಗದ ಒಡೆಯರ ಮಾತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಏರಿಸುವುದು, ಇಳಿಸುವುದು ಎರಡೂ ನಿಷಿದ್ಧ.

ಆಮೇಲೆ ಉಪಗ್ರಹ ಚಿತ್ರದಲ್ಲಿ ವಿದ್ಯುತ್ ತಂತಿ, ಮನೆಗಳನ್ನು ಗುರುತಿಸಿಕೊಳ್ಳಿ.

ಬೆಟ್ಟದ ನೋಟ ಚೆಂದ, ಎಡವಟ್ಟೂ ಅಲ್ಲೇ. ಆ್ಯಪ್ ಪರದೆ ತೋರಿಸುವ ಎತ್ತರ ಡ್ರೋನ್ ಏರಿಸಿದ ಜಾಗದಿಂದ ಎಣಿಸಿದ್ದು. ಅಂಚಿನಿಂದ 200 ಮೀಟರ್ ಆಳದ ಕಣಿವೆಯ ಮೇಲೆ ಹೋದರೆ ಪರದೆ 10 ಮೀಟರ್ ತೋರಿಸಿದರೂ ನಿಜಕ್ಕೆ 210. ಯುರೋಪಿನ ಮಿತಿ ಹತ್ತಿರದ ನೆಲದಿಂದ 120. ಹಾಗಾಗಿ ಇಳಿಜಾರಿನ ನೆಲಕ್ಕೆ ಹತ್ತಿರವಾಗಿಯೇ ಹಾರಿಸಿ.