ನಡುವೆ ಗೆರೆ ಎಳೆದು 1971 ಪಾಠ ಮಾಡಿದ್ದು

ಸಿಂಧನೂರು ಕಡೆ ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಕ್ಯಾಂಪ್‌ಗಳು ಇಲ್ಲೇ ಇವೆ, ಅಲ್ಲಿನ ಮಕ್ಕಳೂ ನನ್ನ ಕ್ಲಾಸಿಗೆ ಬರುತ್ತಾರೆ. ಬಾಂಗ್ಲಾ ಯುದ್ಧದ ಪಾಠ ಮುಗಿದ ದಿನ ಒಬ್ಬಳು ಕೇಳಿದಳು, "ಸರ್, ಅಷ್ಟು ಜನರನ್ನ ಕೊಲ್ಲುವಾಗ ಅಮೆರಿಕಕ್ಕೆ ಗೊತ್ತಿರಲಿಲ್ವಾ?"

ಸುಮ್ನೆ ಏನೋ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ಆ ಕಾಲದ ಗುಪ್ತ ಕಾಗದಗಳನ್ನು ಇಂಟರ್‌ನೆಟ್‌ನಲ್ಲಿ ಇಟ್ಟಿದೆ, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಮೊದಲ ವರ್ಷ ಅದರಿಂದ ವಾಷಿಂಗ್ಟನ್ ಏನು ಮಾಡಿತು ಅನ್ನೋದನ್ನ ಮಾತ್ರ ಹೇಳಿದೆ. ಮಕ್ಕಳು "ಅಮೆರಿಕದವರು ಕೆಟ್ಟವರು" ಅಂದು ಪುಸ್ತಕ ಮುಚ್ಚಿದರು. ಅದು ಪಾಠ ಅಲ್ಲ ಅಲ್ವಾ?

ಮರುವರ್ಷ ಡ್ರಾಯಿಂಗ್ ಶೀಟಿನ ನಡುವೆ ಗೆರೆ ಎಳೆದೆ. ಎಡಕ್ಕೆ, ಢಾಕಾದಿಂದ ಯಾವ ದಿನ ಯಾವ ಸುದ್ದಿ ಹೋಯಿತು. ಬಲಕ್ಕೆ, ಅದಾದ ಮೇಲೆ ವಾಷಿಂಗ್ಟನ್ ಏನು ಮಾಡಿತು.

ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾ ವಿಶ್ವವಿದ್ಯಾಲಯಕ್ಕೆ ನುಗ್ಗಿತು. ಬೀದಿಗಿಳಿದ ಟ್ಯಾಂಕುಗಳು ಅಮೆರಿಕ ಕೊಟ್ಟಿದ್ದವು. ಮೂರೇ ದಿನಕ್ಕೆ ಅಲ್ಲಿನ ಅಮೆರಿಕದ ಕಾನ್ಸುಲ್ ಜನರಲ್, ಅಂದರೆ ರಾಜತಾಂತ್ರಿಕ ಕಚೇರಿಯ ಮುಖ್ಯಸ್ಥ, ಆರ್ಚರ್ ಬ್ಲಡ್ ತಂತಿ ಸಂದೇಶ ಕಳಿಸಿದರು. ಆರಿಸಿ ಆರಿಸಿ ಜನರನ್ನು ಕೊಲ್ಲುತ್ತಿದ್ದಾರೆ, ಇದು ನರಮೇಧ ಅಂತ ಅದರ ತಲೆಬರಹದಲ್ಲೇ ಇತ್ತು. ಏಪ್ರಿಲ್ 6ಕ್ಕೆ ಇನ್ನೊಂದು ಹೋಯಿತು. ನಮ್ಮದೇ ಸರ್ಕಾರದ ನೀತಿಯನ್ನು ನಾವು ಒಪ್ಪುವುದಿಲ್ಲ ಅಂತ 20 ಅಮೆರಿಕನ್ ನೌಕರರು ಸಹಿ ಹಾಕಿದ್ದರು. ಸರ್ಕಾರದ ಸಂಬಳ ತಿನ್ನುತ್ತಲೇ ಇಷ್ಟು ನೇರವಾಗಿ ಬರೆಯಲು ಎಂಥ ಎದೆ ಬೇಕು! ಇದನ್ನು ಓದಿ ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಈಗ ಬಲಗಡೆ. ಭದ್ರತಾ ಸಲಹೆಗಾರ ಕಿಸಿಂಜರ್ ಏಪ್ರಿಲ್ 28ರಂದು ಕಳಿಸಿದ ಟಿಪ್ಪಣಿಯ ಮೇಲೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಕೈಯಾರೆ ಬರೆದರು, ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಮೇಲೆ ಈಗ ಒತ್ತಡ ಹಾಕಬೇಡಿ ಅಂತ. 'ಬೇಡಿ' ಅನ್ನೋದರ ಕೆಳಗೆ ಮೂರು ಗೆರೆ. ಬ್ಲಡ್ ಅವರನ್ನು ಢಾಕಾದಿಂದ ಎತ್ತಂಗಡಿ ಮಾಡಿದರು. ಜುಲೈನಲ್ಲಿ ಕಿಸಿಂಜರ್ ಪಾಕಿಸ್ತಾನದಿಂದಲೇ ಗುಟ್ಟಾಗಿ ಬೀಜಿಂಗ್‌ಗೆ ಹಾರಿದರು. ಚೀನಾದ ಬಾಗಿಲು ತೆರೆಯಲು ಅವರಿಗೆ ಯಾಹ್ಯಾ ಖಾನ್ ಬೇಕಿತ್ತು. ವರ್ಷ ಮುಗಿಯುವಷ್ಟರಲ್ಲಿ ಸುಮಾರು 1 ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದಿದ್ದರು.

ಈ ಸಲ ಯಾರೂ ಪುಸ್ತಕ ಮುಚ್ಚಲಿಲ್ಲ. ಕೇಳಿದ್ದವಳ ತಂಗಿ ಈಗ ನನ್ನ ಕ್ಲಾಸಿನಲ್ಲಿದ್ದಾಳೆ. ಎರಡೂ ಕಡೆ ಬೆರಳಿಟ್ಟು ಓದಿದಳು, "ಗೊತ್ತಿತ್ತು ಸರ್" ಅಂದಳು.

ಈಗ ಮಕ್ಕಳೇ ಪೂರ್ವ ತಿಮೋರ್‌ನ ಶೀಟು ಶುರು ಮಾಡಿದ್ದಾರೆ. 1975ರ ಡಿಸೆಂಬರ್ 6ಕ್ಕೆ ಅಮೆರಿಕದ ಅಧ್ಯಕ್ಷ ಫೋರ್ಡ್ ಮತ್ತು ಕಿಸಿಂಜರ್ ಜಕಾರ್ತಾದಲ್ಲಿ ಇಂಡೋನೇಷ್ಯಾದ ಅಧ್ಯಕ್ಷ ಸುಹಾರ್ತೋ ಜೊತೆ ಕೂತಿದ್ದರು, 7ಕ್ಕೆ ಇಂಡೋನೇಷ್ಯಾದ ಸೇನೆ ಪೂರ್ವ ತಿಮೋರ್‌ನ ರಾಜಧಾನಿ ದಿಲಿಯಲ್ಲಿ ಇಳಿಯಿತು. ಸದ್ಯ ಶೀಟಿನಲ್ಲಿ ಇವೆರಡೇ ತಾರೀಕುಗಳಿವೆ.