ರೆಡ್ ಇದ್ದಾಗ ಲೆಫ್ಟ್ ತಗೋಬಹುದಾ? ಸಿಗ್ನಲಲ್ಲಿ ತಿರುಗೋರಿಗೆ ಒಂದಿಷ್ಟು ರೂಲ್ಸು

ಬೆಂಗಳೂರಲ್ಲಿ ಗಾಡಿ ಓಡ್ಸೋ ಸುಮಾರು ಜನ ಲೆಫ್ಟ್ ಅಂದ್ರೆ ಯಾವಾಗ್ಲೂ ಫ್ರೀ ಅನ್ಕೊಂಡಿದಾರೆ. ಹಂಗೇನಿಲ್ಲ. ಕೆಂಪು ಬಿದ್ರೆ ನೇರ ಹೋಗೋರಿಗೂ ಕೆಂಪು, ಎಡಕ್ಕೆ ತಿರುಗೋರಿಗೂ ಕೆಂಪೇ. ಫ್ರೀ ಲೆಫ್ಟ್ ಬೋರ್ಡ್ ಇರ್ಬೇಕು, ಇಲ್ಲ ಎಡಕ್ಕೆ ಹಸಿರು ಬಾಣ ಬಿದ್ದಿರ್ಬೇಕು, ಅದೂ ಇಲ್ಲ ಅಂದ್ರೆ ಅಲ್ಲಿ ನಿಂತಿರೋ ಟ್ರಾಫಿಕ್ ಪೊಲೀಸ್ ಕೈ ತೋರ್ಸಿ ಕಳಿಸ್ಬೇಕು (ಅವ್ರ ಕೈ ಸಿಗ್ನಲ್ ಮುಂದೆ ಲೈಟ್ ಲೆಕ್ಕಕ್ಕಿಲ್ಲ), ಆವಾಗ ಮಾತ್ರ ಹೋಗಿ. ಹಿಂದಿನವನು ಹಾರ್ನ್ ಹೊಡೀತಾನೆ, ಹೊಡೀಲಿ ಬಿಡಿ, ಕ್ಯಾಮರಾ ಫೋಟೋ ತೆಗೆಯೋದು ನಿಮ್ ನಂಬರ್ ಪ್ಲೇಟ್‌ದು, ಫೈನ್ ಅವನೇನು ಕಟ್ಟಲ್ಲ. ಸ್ಟಾಪ್ ಲೈನ್ ದಾಟಿ ನಿಂತ್ರೂ ಕೇಸೇ.

ಫ್ರೀ ಲೆಫ್ಟ್ ಇದೆ ಅಂತ ನುಗ್ಗೋ ಹಂಗೂ ಇಲ್ಲ. ಜೀಬ್ರಾ ಮೇಲೆ ನಡ್ಕೊಂಡ್ ಹೋಗೋರಿಗೆ ದಾರಿ ಬಿಟ್ಟು, ಬಲಗಡೆಯಿಂದ ಬರೋ ಗಾಡಿ ನೋಡ್ಕೊಂಡು ಸೇರ್ಕೊಳಿ. ನೇರ ಹೋಗೋರು ದಯವಿಟ್ಟು ಆ ಎಡಗಡೆ ಲೇನ್‌ಗೆ ಅಡ್ಡ ನಿಲ್ಬೇಡಿ, ಅರ್ಧ ಜಗಳ ಶುರುವಾಗೋದೇ ಅಲ್ಲಿ.

ಅಮೆರಿಕದಿಂದ ರಜಕ್ಕೆ ಬಂದು ಇಲ್ಲಿ ಕಾರ್ ಓಡ್ಸೋರಿಗೆ ಒಂದ್ ಮಾತು: ಅಲ್ಲಿ ಬಹಳ ಕಡೆ ಕೆಂಪಲ್ಲೂ ಪೂರ್ತಿ ನಿಲ್ಸಿ, ನೋಡ್ಕೊಂಡು ರೈಟ್ ತಗೋಬಹುದು (ನ್ಯೂಯಾರ್ಕ್ ಸಿಟಿಲಿ ಬೋರ್ಡ್ ಇದ್ರೆ ಮಾತ್ರ), ಆ ರೂಲನ್ನ ಉಲ್ಟಾ ಮಾಡಿ ನಮ್ಮ ಲೆಫ್ಟಿಗೆ ಹಚ್ಬೇಡಿ.

ರೈಟ್ ತಗೊಳೋದೇ ಕಷ್ಟದ್ದು. ಬಲಕ್ಕೆ ಹಸಿರು ಬಾಣ ಇದ್ರೆ ಸರದಿ ನಿಮ್ದು. ಬರೀ ದುಂಡಗಿನ ಹಸಿರು ದೀಪ ಇದ್ರೆ ಎದುರಿಂದ ನೇರ ಬರೋರಿಗೂ ಹಸಿರು ಇರ್ಬಹುದು, ಅವ್ರು ಹೋಗೋವರ್ಗೂ ಕಾಯ್ಬೇಕು. ಜಂಕ್ಷನ್ ಬರೋಕ್ ಮುಂಚೆನೇ ಇಂಡಿಕೇಟರ್ ಹಾಕಿ ರಸ್ತೆ ಮಧ್ಯದ ಕಡೆ ಬನ್ನಿ, ಎಡ ತುದಿಯಿಂದ ಎಲ್ರಿಗೂ ಅಡ್ಡ ಹಾಕೊಂಡು ಬರ್ಬೇಡಿ. ತಿರುಗಿದ್ಮೇಲೆ ಹೊಸ ರಸ್ತೆಲೂ ಎಡಗಡೆಗೇ ಸೇರ್ಬೇಕು, ಮೂಲೆ ಕಟ್ ಮಾಡಿದ್ರೆ ಅಲ್ಲಿ ನಿಂತಿರೋರ ಮುಖಕ್ಕೇ ಹೋಗಿ ನಿಲ್ತೀರ.

ಟೂ ವೀಲರ್ನೋರು ಇದನ್ನ ಓದ್ಲೇಬೇಕು. ಬಸ್ಸು ಲೆಫ್ಟ್ ತಿರುಗೋವಾಗ ಮೊದ್ಲು ಸ್ವಲ್ಪ ಬಲಕ್ಕೆ ಹೋಗತ್ತೆ, ಫುಟ್‌ಪಾತ್ ಪಕ್ಕ ಜಾಗ ಸಿಕ್ತು ಅಂತ ಸ್ಕೂಟರ್ ನುಗ್ಸಿದ್ರೆ ಮುಂದಿನ ಚಕ್ರ ದಾಟತ್ತೆ, ಹಿಂದಿನ ಚಕ್ರ ಮೂಲೆಗೆ ಒತ್ಕೊಂಡ್ ಬರತ್ತೆ, ಡ್ರೈವರ್‌ಗೆ ನೀವು ಕಾಣೋದೂ ಇಲ್ಲ.

ಹಳದಿ ಬಿದ್ರೆ ನಿಲ್ಸಿ, ಗೆರೆಗೆ ತೀರಾ ಹತ್ರ ಬಂದು ಬ್ರೇಕ್ ಹಾಕಿದ್ರೆ ಹಿಂದಿನವನು ಗುದ್ದೋ ಹಂಗಿದ್ರೆ ಮಾತ್ರ ದಾಟಿ. ರಾತ್ರಿ ಹಳದಿ ಮಿಣಮಿಣ ಅಂತಿದ್ರೆ ನಿಧಾನಕ್ಕೆ ನೋಡ್ಕೊಂಡ್ ಹೋಗಿ, ಕೆಂಪು ಮಿಣುಕ್ತಿದ್ರೆ ಪೂರ್ತಿ ನಿಲ್ಸಿ ಆಮೇಲೆ ಹೊರಡಿ.