ಗುಂಡು ದೊಡ್ಡದಿದ್ರೆ ಮದ್ದು ಜಾಸ್ತಿ ಬೇಕಂತಿಲ್ಲ: ಮಝಲ್‌ಲೋಡರ್ ರೈಫಲ್, ನನ್ನ ಅನುಭವ

ನಮ್ಮ ಬ್ರಹ್ಮಾವರ ಕಡೆ ಕೇಪಿನ ಕೋವಿ (ನಳಿಗೆ ಬಾಯಿಂದ ಮದ್ದು, ಗುಂಡು ತುಂಬಿ ಕೇಪು ಹೊಡೆದು ಹಾರಿಸುವುದು, ಇಂಗ್ಲಿಷಲ್ಲಿ ಮಝಲ್‌ಲೋಡರ್) ಇರುವ ಕೃಷಿಕರು ಸಿಕ್ಕಿದಾಗೆಲ್ಲ ಕೇಳುವುದು ಒಂದೇ, "ಅಮೆರಿಕದಲ್ಲಿ ನೀವು ಎಷ್ಟು ಮದ್ದು ಹಾಕ್ತಿದ್ರಿ ಮಾರಾಯ್ರೆ?" ಅಂತ. ನಾನು ಒಂದು ನಂಬರ್ ಹೇಳಿ ಅವರು ಅದನ್ನೇ ಹಾಕಿದ್ರೆ ಅಪಾಯ, ಯಾಕಂದ್ರೆ ನನ್ನದು ಒಳಗೆ ಸುರುಳಿ ಗೆರೆ ಇದ್ದ ಫ್ಯಾಕ್ಟರಿ ರೈಫಲ್, ಅವರದ್ದು ಗೆರೆ ಇಲ್ಲದ ಒಂಟಿ ನಳಿಗೆ, ಅಜ್ಜನ ಕಾಲದ್ದು. ಹಾಗಾಗಿ ಅಳತೆ ಹುಡುಕಿದ ಕ್ರಮ ಬರೀತೇನೆ, ಅದು ಮದ್ದಿನ ಮಿತಿ ಗೊತ್ತಿರುವ, ಒಳಗೆ ಗಟ್ಟಿ ಇರುವ ನಳಿಗೆಗೆ ಆಗ್ತದೆ.

ನಾನು ಓಹಾಯೋದಲ್ಲಿ ಕೆಲಸದಲ್ಲಿದ್ದಾಗ ತಗೊಂಡದ್ದು .58 ಕ್ಯಾಲಿಬರ್, ಅಂದ್ರೆ ನಳಿಗೆಯ ಒಳ ಅಡ್ಡಗಲ .58 ಇಂಚು. ಅಲ್ಲಿ ಜಿಂಕೆ ಸೀಸನ್ನಲ್ಲಿ ಮಝಲ್‌ಲೋಡರಿಗೇ ಬೇರೆ ದಿನಗಳು ಉಂಟು. ಹೆಚ್ಚಿನವರು .50 ಹಿಡ್ಕೊಳ್ತಾರೆ. ಆದ್ರೆ ಉರುಟು ಸೀಸದ ಗುಂಡಿನ ತೂಕ ಹೆಚ್ಚಿಸ್ಲಿಕ್ಕೆ ಅಡ್ಡಗಲ ಹೆಚ್ಚಿಸುವುದು ಬಿಟ್ಟು ಬೇರೆ ದಾರಿ ಇಲ್ಲ. .50ರ ಗುಂಡು ಸುಮಾರು 177 ಗ್ರೇನ್, .58ರದ್ದು ಹತ್ರ ಹತ್ರ 280, ಅಂದ್ರೆ 18 ಗ್ರಾಂ. ಉರುಟು ಗುಂಡಿನ ವೇಗ ಗಾಳಿಯಲ್ಲಿ ಬೇಗ ಇಳೀತದೆ, ಆಮೇಲೆ ಪ್ರಾಣಿಗೆ ನೋವು ಎಳೆಯದೆ ಕೆಲಸ ಮುಗಿಸುವುದು ಆ ತೂಕವೇ.

ಶುರು ಮಾಡಿದ್ದು ಕಂಪೆನಿ ಪುಸ್ತಕದಲ್ಲಿದ್ದ ಅತಿ ಕಡಿಮೆ ಅಳತೆಯಿಂದ. ಮದ್ದು ಅಂದ್ರೆ ಕಪ್ಪು ಮದ್ದು ಮಾತ್ರ, ತೋಟೆ ಬಿಡಿಸಿ ತೆಗೆದ ಹೊಗೆ ಇಲ್ಲದ ಮದ್ದನ್ನು ಒಂದು ಚಿಟಿಕೆಯೂ ಹಾಕಬಾರದು, ನಳಿಗೆ ಸೀಳಿ ಕೈ ಹೋಗ್ತದೆ. 60 ಗ್ರೇನಿಂದ ಹತ್ತತ್ತು ಏರಿಸ್ತಾ, ಪುಸ್ತಕದ ಮಿತಿಯೊಳಗೇ, ಬೆಂಚಿನ ಮೇಲೆ ಮರಳು ಚೀಲ ಇಟ್ಟು 50 ಗಜಕ್ಕೆ ಹೊಡೆದೆ. ಅಳತೆ ಮಾತ್ರ ಬದಲು, ಗುಂಡು ಬಟ್ಟೆ ಎಣ್ಣೆ ಎಲ್ಲ ಅದೇ. 80ಕ್ಕೆ ಬಂದಾಗ ತೂತುಗಳು ಒಂದಕ್ಕೊಂದು ತಾಗಿಕೊಂಡವು, 100 ದಾಟಿದ ಮೇಲೆ ಚದುರಿದವು. ವೇಗ ಅಳೆಯುವ ಮೆಷಿನ್ ಇಟ್ಟು ನೋಡಿದ್ರೆ ಮೇಲೆ ಹೋದ ಹಾಗೆ ಪ್ರತಿ ಹತ್ತು ಗ್ರೇನಿಗೆ ಸಿಗುವ ವೇಗ ಕಡಿಮೆ ಆಗ್ತಾ ಬಂತು, ಹೊಗೆ ಮತ್ತು ಹೆಗಲಿಗೆ ಒದೆತ ಮಾತ್ರ ಜಾಸ್ತಿ.

ಆದ್ರೆ ನಿಜವಾದ ಪಾಠ ಸಿಕ್ಕಿದ್ದು ಗುರಿ ಹಲಗೆಯಲ್ಲಿ ಅಲ್ಲ, ಹುಲ್ಲಲ್ಲಿ. ಗುಂಡಿಗೆ ಸುತ್ತುವ ಬಟ್ಟೆ ತುಂಡು, ಪ್ಯಾಚ್ ಅಂತಾರೆ, ನಳಿಗೆಯ ಮುಂದೆ ಸ್ವಲ್ಪ ದೂರದಲ್ಲಿ ಬಿದ್ದಿರ್ತದೆ. ರೇಂಜಲ್ಲಿ ಎಲ್ಲರೂ ಶೂಟಿಂಗ್ ನಿಲ್ಲಿಸಿದ ಮೇಲೆ ಹೋಗಿ ಒಂದೊಂದೂ ಹೆಕ್ಕಿ ಬೆಳಕಿಗೆ ಹಿಡಿದು ನೋಡ್ತಿದ್ದೆ. ಮಧ್ಯೆ ಮಸಿ, ಸುತ್ತ ಗೆರೆಗಳ ಗುರುತು, ಅಂಚು ಚೂರು ಬಿಚ್ಚಿದ್ರೆ ಅದು ಒಳ್ಳೆ ಲೋಡ್. ಗುಂಡು ಕೂತ ಜಾಗದ ಸುತ್ತ ಸುಟ್ಟು ತೂತಾಗಿದ್ರೆ ಬಟ್ಟೆ ತೆಳು ಅಥವಾ ಎಣ್ಣೆ ಸಾಲದು ಅಥವಾ ಮದ್ದು ಹೆಚ್ಚು, ಬ್ಲೇಡಲ್ಲಿ ಕುಯ್ದ ಹಾಗೆ ಸೀಳಿದ್ರೆ ನಳಿಗೆಯ ಗೆರೆಯ ಅಂಚು ಇನ್ನೂ ಚೂಪು ಉಂಟು. ನನಗೆ ಒತ್ತಾಗಿ ನೇಯ್ದ ದಪ್ಪ ಹತ್ತಿ ಬಟ್ಟೆ ಸರಿಯಾಯ್ತು, ಅದಕ್ಕೆ ಜೇನುಮೇಣ ಮತ್ತು ಆಲಿವ್ ಎಣ್ಣೆ. ತೆಂಗಿನೆಣ್ಣೆ ಅಲ್ಲಿಯ ಚಳಿಗೆ ಕಲ್ಲಾಗ್ತದೆ. ಇಂಜಿನ್ ಆಯಿಲ್ ಜಾತಿಯ ಎಣ್ಣೆ ಕಪ್ಪು ಮದ್ದಿನ ಮಸಿ ಜೊತೆ ಸೇರಿ ಡಾಮರು ಆಗಿ ಕೂರ್ತದೆ, ಅದು ಬೇಡವೇ ಬೇಡ.

ಗೆರೆಯ ತಿರುವು ಕೂಡ ಮುಖ್ಯ. ನನ್ನದು 70 ಇಂಚಿಗೆ ಒಂದು ಸುತ್ತು, ಉರುಟು ಗುಂಡಿಗೆ ನಿಧಾನ ತಿರುವೇ ಒಳ್ಳೇದು. 19ನೇ ಶತಮಾನದಲ್ಲಿ ಮಧ್ಯಭಾರತದ ಕಾಡಲ್ಲಿ ಶಿಕಾರಿ ಮಾಡಿದ ಜೇಮ್ಸ್ ಫಾರ್ಸೈತ್ ಅನ್ನುವ ಬ್ರಿಟಿಷ್ ಅಧಿಕಾರಿ 104 ಇಂಚಿಗೆ ಒಂದು ಸುತ್ತು ಸಾಕು ಅಂತ ವಾದ ಮಾಡಿದ್ದ, ತಿರುವು ಜೋರಾಗಿ ಮದ್ದೂ ಜೋರಾದ್ರೆ ಗುಂಡು ಗೆರೆ ಹಿಡಿಯದೆ ಜಾರಿ ಹೋಗ್ತದೆ ಅಂತ.

ಪ್ರತಿ ಈಡಿನ ನಂತರ ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ ಒರೆಸ್ತಿದ್ದೆ, ಒರೆಸದಿದ್ರೆ ಅದೇ ಲೋಡ್ ಬೇರೆ ಜಾಗಕ್ಕೆ ಹೋಗ್ತದೆ. ಗುಂಡು ಒಳಗೆ ತಳ್ಳುವ ಗಜದ (ಕೋಲಿನ) ಮೇಲೆ ಸರಿಯಾದ ಲೋಡಿಗೆ ಒಂದು ಗೆರೆ ಗೀಚಿ ಇಟ್ಟಿದ್ದೆ. ಗುಂಡು ಹಾಕಿದ ಮೇಲೆ ಆ ಗೆರೆ ನಳಿಗೆ ಬಾಯಿಗೆ ಸಮ ಬರ್ಲೇಬೇಕು, ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದ್ರೆ ನಳಿಗೆ ಉಬ್ಬುವುದು, ಒಡೆಯುವುದು ಎರಡೂ ಆಗಬಹುದು. ಕೇಪು ಹೊಡೆದು ಈಡು ಹೋಗದಿದ್ರೆ ಕನಿಷ್ಠ ಒಂದು ನಿಮಿಷ ಗುರಿ ಕಡೆಗೇ ಹಿಡಿದು ನಿಲ್ಬೇಕು, ತಡವಾಗಿ ಹಾರುವುದುಂಟು.

ಇನ್ನು ನಮ್ಮೂರಿಗೆ. 1972ರ ವನ್ಯಜೀವಿ ಕಾಯ್ದೆ ಇರುವಾಗ ಇಲ್ಲಿ ಶಿಕಾರಿಯ ಮಾತೇ ಇಲ್ಲ, ಲೈಸೆನ್ಸ್ ಕೊಡುವುದು ಬೆಳೆ ರಕ್ಷಣೆಗೆ. ಮಂಗ ಓಡಿಸ್ಲಿಕ್ಕೆ ಶಬ್ದ ಜೋರು ಬರ್ಲಿ ಅಂತ ಮದ್ದು ಏರಿಸುವವರನ್ನು ನೋಡಿ ನನಗೆ ನಿಜವಾಗಿ ಹೆದರಿಕೆ ಆಗ್ತದೆ. ನಮ್ಮ ಕಡಲ ಗಾಳಿಗೆ ಮಸಿ ನೀರು ಹೀರಿ ಒಂದೇ ರಾತ್ರಿಯಲ್ಲಿ ತುಕ್ಕು ಹಿಡೀತದೆ, ಹಾಗಾಗಿ ಹೊಡೆದ ದಿನವೇ ಹಂಡೆಯ ಬಿಸಿನೀರು ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ ಎಣ್ಣೆ ಸವರ್ಬೇಕು. ಮಳೆಗಾಲ ಮುಗಿದ ಮೇಲೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ರ ನಳಿಗೆ ಮತ್ತು ಕೇಪು ಕೂರುವ ನಿಪ್ಪಲ್ ತೋರಿಸಿ, ಒಳಗೆ ಗುಳಿ ಬಿದ್ದಿದೆ ಅಂದ್ರೆ ಆ ಕೋವಿಗೆ ಮತ್ತೆ ಮದ್ದು ಹಾಕ್ಬೇಡಿ.